ಮೀಟರ್ ರೂಮಿನಿಂದ ಗನ್ನಿನವರೆಗೆ

ಗ್ರಾಂಟ್ ರೋಡ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು, ಭಾಜಿ ಗಲ್ಲಿಯ ತರಕಾರಿ ಬುಟ್ಟಿಗಳನ್ನು ಸುತ್ತಿಬಳಸಿ ನಾನಾ ಚೌಕದ ಕಡೆ ನಡೆದರೆ ಎರಡು ಕಾಲದ ಕಟ್ಟಡಗಳು ಒತ್ತಿಕೊಂಡು ನಿಂತಿರುವುದು ಕಾಣುತ್ತದೆ. ಒಂದು ಕಡೆ ಮರದ ಮೆಟ್ಟಿಲಿನ, ಉದ್ದ ಜಗಲಿಯ, ಹಳೆಯ ಬಾಡಿಗೆ ಪದ್ಧತಿಯ ಪಗಡಿ ಕಟ್ಟಡ. ಅದರ ಮಗ್ಗುಲಲ್ಲೇ, ಅಂಥದ್ದೇ ಇನ್ನೊಂದನ್ನು ಕೆಡವಿ ಎಬ್ಬಿಸಿದ ಟವರ್. ಎರಡರ ಅಂಗಳದಲ್ಲೂ ಈಗ ಹಸಿರು ನಂಬರ್ ಪ್ಲೇಟಿನ ಎಲೆಕ್ಟ್ರಿಕ್ ಕಾರುಗಳು ಬಂದು ನಿಲ್ಲುತ್ತಿವೆ. ಕಾರು ಕೊಳ್ಳುವುದು ಶೋರೂಮಿನ ಕೆಲಸ, ಸಾಲ ಕೊಡುವುದು ಬ್ಯಾಂಕಿನ ಕೆಲಸ. ಆ ಕಾರಿಗೆ ರಾತ್ರಿಯಿಡೀ ಕರೆಂಟು ಕುಡಿಸಿ, ಬೆಳಗ್ಗೆ ಗೋಡೆಯೂ ಮನೆಯೂ ಇದ್ದ ಹಾಗೇ ಇರುವಂತೆ ನೋಡಿಕೊಳ್ಳುವುದು ವೈರ್‌ಮನ್ ವಿದ್ಯೆ. ಹೊರಗಿನಿಂದ ನೋಡಿದರೆ ಒಂದು ಡಬ್ಬಿ, ಒಂದು ಪೈಪು, ನಾಲ್ಕು ಸ್ಕ್ರೂ. ಉಳಿದದ್ದೆಲ್ಲ ಕಣ್ಣಿಗೆ ಬೀಳದ ಕಡೆ ಇರುತ್ತದೆ.

ಪಾರ್ಕಿಂಗಿನ ಗೋಡೆಗೆ ತೂಗುಹಾಕಿ ನಾವೆಲ್ಲ ಚಾರ್ಜರ್ ಎನ್ನುವ ಆ ಡಬ್ಬಿ ಬ್ಯಾಟರಿಯನ್ನು ಚಾರ್ಜ್ ಮಾಡುವುದೇ ಇಲ್ಲ. ಮನೆಗೆ ಬರುವ ಎಸಿ ಕರೆಂಟನ್ನು ಡಿಸಿಗೆ ತಿರುಗಿಸಿ ಬ್ಯಾಟರಿಗೆ ತುಂಬುವ ಅಸಲಿ ಚಾರ್ಜರ್ ಕಾರಿನ ಹೊಟ್ಟೆಯೊಳಗಿದೆ. ಡಬ್ಬಿಯೊಳಗಿರುವುದು ಒಂದು ಕಾಂಟ್ಯಾಕ್ಟರ್, ಒಂದು ಎಲೆಕ್ಟ್ರಾನಿಕ್ ಬೋರ್ಡು, ಸೋರಿಕೆ ಹಿಡಿಯುವ ಒಂದು ಸುರುಳಿ. ಬುದ್ಧಿಯಿರುವ ಸ್ವಿಚ್ಚು ಎಂದರೆ ಸಾಕು. ಹೆದ್ದಾರಿಯ ಡಿಸಿ ಫಾಸ್ಟ್ ಚಾರ್ಜರ್‌ಗಳಲ್ಲಿ ಈ ಪರಿವರ್ತನೆ ಹೊರಗೇ ಆಗುತ್ತದೆ, ಅದು ಮನೆಯ ಮಾತಲ್ಲ.

ಬೆಂಗಳೂರಿನ ರೇವಾ 2001ರಲ್ಲಿ ರಸ್ತೆಗಿಳಿದಾಗ ಈ ಡಬ್ಬಿಯೂ ಇರಲಿಲ್ಲ. ಚೇತನ್ ಮೈನಿಯವರ ಆ ಪುಟ್ಟ ಕಾರನ್ನು ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿ ಮಲಗಿದರೆ ಬೆಳಗ್ಗೆಗೆ ತಯಾರು. ಬೆಂಗಳೂರಿನ ಒಂಟಿ ಮನೆಗಳಿಗೆ ಅದು ಹೊಂದಿಕೊಂಡಿತು. ಮೀಟರ್ ಬೋರ್ಡು ಪೋರ್ಟಿಕೋದ ಗೋಡೆಯಲ್ಲಿ, ಕಾರು ಅದರ ಕೆಳಗೆ, ನಡುವೆ ನಾಲ್ಕು ಮಾರು ವೈರು. ಮುಂಬಯಿಯಲ್ಲಿ ಮನೆ ಮೂರನೇ ಮಾಳಿಗೆಯಲ್ಲಿ, ಮೀಟರು ನೆಲಮಹಡಿಯ ಮೂಲೆಯಲ್ಲಿ, ಕಾರು ಕಾಂಪೌಂಡಿನ ಇನ್ನೊಂದು ತುದಿಯಲ್ಲಿ. ಈ ಮೂರನ್ನೂ ಜೋಡಿಸುವುದೇ ಇಲ್ಲಿನ ಕಸುಬು.

ಬಲ್ಲ ವೈರ್‌ಮನ್ ಬಂದವನೇ ಯಾವ ಕಂಪನಿಯ ಚಾರ್ಜರ್ ಎಂದು ಕೇಳುವುದಿಲ್ಲ. ಅವನೂ ನಮ್ಮ ಊರ ಕಡೆಯವನಾದರೆ ಮಾತು ಹೀಗೆ ಶುರುವಾಗುತ್ತದೆ: "ಶೆಟ್ರೇ, ಗಾಡಿ ಎಲ್ಲಿ ನಿಲ್ತದೆ? ದಿನಕ್ಕೆ ಎಷ್ಟು ಓಡ್ತದೆ?" ಈ ಎರಡನೇ ಪ್ರಶ್ನೆಯಲ್ಲೇ ಅರ್ಧ ಕೆಲಸ ತೀರ್ಮಾನವಾಗುತ್ತದೆ. ಗ್ರಾಂಟ್ ರೋಡಿನಿಂದ ಅಂಧೇರಿಗೆ ಹೋಗಿ ಬರುವುದು ಸುಮಾರು 45 ಕಿಲೋಮೀಟರ್. ನಮ್ಮ ಸಣ್ಣ ಎಲೆಕ್ಟ್ರಿಕ್ ಕಾರು ಕಿಲೋಮೀಟರಿಗೆ ಒಂದೂವರೆ ನೂರು ವ್ಯಾಟ್ ಅವರ್ ಆಸುಪಾಸು ತಿನ್ನುತ್ತದೆ. ಹಾಗಾಗಿ ದಿನದ ಖರ್ಚು ಏಳು ಯೂನಿಟ್, ಚಾರ್ಜಿಂಗಿನ ನಷ್ಟ ಸೇರಿಸಿದರೆ ಏಳೂವರೆ. 3.3 ಕಿಲೋವ್ಯಾಟ್ ಕೊಡುವ ಸಾದಾ ವ್ಯವಸ್ಥೆ ಇದನ್ನು ಎರಡೂವರೆ ಗಂಟೆಯಲ್ಲಿ ಮುಗಿಸುತ್ತದೆ. 7.2 ಕಿಲೋವ್ಯಾಟಿನ, ಅಂದರೆ 32 ಆಂಪಿಯರಿನ ವಾಲ್ ಬಾಕ್ಸ್ ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಸುತ್ತದೆ. ಮಲಗಿರುವವನಿಗೆ ಎರಡೂ ಒಂದೇ. ದಿನಾ ನೂರೈವತ್ತು ಕಿಲೋಮೀಟರ್ ಓಡುವವರಿಗೆ, ಇಲ್ಲವೇ ಒಂದೇ ಜಾಗದಲ್ಲಿ ಎರಡು ಕಾರು ಸರದಿ ಹಿಡಿಯುವವರಿಗೆ ದೊಡ್ಡದು ಬೇಕು, ನಿಜ. ಉಳಿದವರಿಗೆ "ಚಿಕ್ಕದೇ ಸಾಕು" ಎಂದು ಹೇಳಿ ತನ್ನ ಬಿಲ್ಲನ್ನೇ ಸಣ್ಣದು ಮಾಡಿಕೊಳ್ಳುವ ವೈರ್‌ಮನ್ ಸಿಕ್ಕಿದರೆ ಅವನನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

ಮುಂದಿನ ಹೆಜ್ಜೆ ಮೀಟರ್ ರೂಮು. ಕೊಲಾಬಾದಿಂದ ಸಯನ್, ಮಾಹಿಮ್‌ವರೆಗಿನ ಹಳೆಯ ಮುಂಬಯಿಗೆ ಕರೆಂಟು ಕೊಡುವುದು ಬೆಸ್ಟ್. 1905ರಲ್ಲಿ ಖಾಸಗಿ ಕಂಪನಿಯಾಗಿ ಹುಟ್ಟಿ, 1907ರಲ್ಲಿ ಎಲೆಕ್ಟ್ರಿಕ್ ಟ್ರಾಮ್ ಓಡಿಸಿ, 1947ರ ಆಗಸ್ಟಿನಲ್ಲಿ ನಗರಪಾಲಿಕೆಯ ಕೈಸೇರಿದ ಸಂಸ್ಥೆ ಅದು. ಬಸ್ಸನ್ನೂ ಬೆಳಕನ್ನೂ ಒಂದೇ ಹೆಸರಿನಲ್ಲಿ ಕೊಡುತ್ತದೆ. ಟ್ರಾಮುಗಳು 1964ರಲ್ಲಿ ನಿಂತುಹೋದವು. ರಸ್ತೆಯ ಮೇಲೆ ಕರೆಂಟಿನಿಂದ ಓಡುವ ಗಾಡಿ ಈ ಊರಿಗೆ ಹೊಸ ಸುದ್ದಿಯೇನಲ್ಲ. ಬೆಸ್ಟ್ ಕೇಬಲ್ ಕಟ್ಟಡದೊಳಗೆ ಬಂದು, ಸೀಲು ಹಾಕಿದ ಕಟ್‌ಔಟುಗಳ ಮೂಲಕ ಸಾಲು ಮೀಟರುಗಳಿಗೆ ಹಂಚಿಹೋಗುತ್ತದೆ. ಮೀಟರಿನ ಮುಂಚಿನದೆಲ್ಲ ಬೆಸ್ಟ್‌ನದು, ಅದಕ್ಕೆ ಯಾರೂ ಕೈಹಚ್ಚುವಂತಿಲ್ಲ. ಮೀಟರಿನ ಆಚೆಗಿನದು ನಮ್ಮದು.

ಇಲ್ಲಿ ಮುಂಬಯಿಯ ಒಂದು ಪದ್ಧತಿ ಕೈಹಿಡಿಯುತ್ತದೆ. ಮೇಲಿನ ಮನೆಗಳ ಮೀಟರುಗಳೆಲ್ಲ ಕೆಳಗೇ ಒಟ್ಟಿಗಿರುವುದರಿಂದ ಕಾರಿನ ಲೈನನ್ನು ಮೂರನೇ ಮಾಳಿಗೆಯಿಂದ ಇಳಿಸಿ ತರಬೇಕಿಲ್ಲ. ಮೀಟರಿನ ಪಕ್ಕದಲ್ಲೇ ಒಂದು ಸಣ್ಣ ಡಿಸ್ಟ್ರಿಬ್ಯೂಷನ್ ಬೋರ್ಡು (ಡಿಬಿ) ಕೂಡಿಸಿ, ಮನೆಗೆ ಹೋಗುವ ಲೈನು ಬೇರೆ, ಕಾರಿಗೆ ಹೋಗುವ ಲೈನು ಬೇರೆ ಎಂದು ಕವಲು ಒಡೆಯಬಹುದು. ಮನೆಗೆ ಏರುವ ಹಳೆಯ ತೆಳು ವೈರಿನ ಮೇಲೆ ಕಾರಿನ ಭಾರ ಬೀಳುವುದೇ ಇಲ್ಲ. ಆದರೆ ಮಂಜೂರಾದ ಲೋಡು ಎಷ್ಟು ಎಂದು ನೋಡಲೇಬೇಕು. ಎರಡು ಫ್ಯಾನು, ಆರು ದೀಪದ ಕಾಲದಲ್ಲಿ ಪಡೆದ ಕನೆಕ್ಷನ್ನಿಗೆ ಈಗ ಎಸಿ, ಗೀಸರು, ಇಂಡಕ್ಷನ್ ಒಲೆ ಸೇರಿರುತ್ತವೆ. ಅದರ ಮೇಲೆ 32 ಆಂಪಿಯರಿನ ಕಾರು ಕೂತರೆ ಲೋಡು ಏರಿಸಲು ಅರ್ಜಿ, ಪರವಾನಗಿಯಿರುವ ಗುತ್ತಿಗೆದಾರರ ಟೆಸ್ಟ್ ರಿಪೋರ್ಟು, ಕೆಲವೊಮ್ಮೆ ಮೂರು ಫೇಸಿನ ಮೀಟರು ಎಲ್ಲ ಬೇಕಾಗುತ್ತದೆ. ಮನೆಯ ಮೀಟರಿನಿಂದಲೇ ಕಾರಿಗೆ ಕೊಟ್ಟರೆ ಮನೆಯ ದರವೇ ಬೀಳುತ್ತದೆ. ಆ ದರ 100, 300, 500 ಯೂನಿಟ್ಟುಗಳ ಮೆಟ್ಟಿಲುಗಳಲ್ಲಿ ಏರುವುದರಿಂದ ತಿಂಗಳಿಗೆ ಇನ್ನೂರು ಯೂನಿಟ್ ಕುಡಿಯುವ ಕಾರು ಮನೆಯ ಬಿಲ್ಲನ್ನು ಒಂದು ಮೆಟ್ಟಿಲು ಮೇಲಕ್ಕೆ ತಳ್ಳಬಹುದು. ಚಾರ್ಜಿಂಗಿಗೆ ಪ್ರತ್ಯೇಕ ದರದ ವರ್ಗವನ್ನು ಮಹಾರಾಷ್ಟ್ರದ ವಿದ್ಯುತ್ ನಿಯಂತ್ರಣ ಆಯೋಗ 2018ರಲ್ಲೇ ಮಾಡಿದೆ, ಅದಕ್ಕೆ ಬೇರೆ ಮೀಟರು ತೆಗೆದುಕೊಳ್ಳಬೇಕು. ಹಳೆಯ ಬಿಲ್ಲುಗಳನ್ನು ತರಿಸಿ ನೋಡಿ ಇದರ ಲೆಕ್ಕ ಹಾಕಿ ಹೇಳುವವರೂ ಇದ್ದಾರೆ. ಸೊಸೈಟಿಯಿಂದ ಎನ್‌ಒಸಿ ತರುವ ಕಥೆಯನ್ನು ಇಲ್ಲಿ ಬಿಡುತ್ತೇನೆ, ಅದಕ್ಕೆ ಬೇರೆಯೇ ಲೇಖನ ಬೇಕು.

ಈಗ ವೈರು. ಲ್ಯಾಮಿಂಗ್ಟನ್ ರೋಡು ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೇ ಇದೆ, ಎಲೆಕ್ಟ್ರಾನಿಕ್ಸಿನ ಯಾವ ಸಾಮಾನು ಬೇಕಾದರೂ ಅಲ್ಲಿ ಸಿಕ್ಕುತ್ತದೆ. ಆದರೆ ಕೇಬಲ್, ಎಂಸಿಬಿ, ಗ್ಲ್ಯಾಂಡುಗಳಿಗೆ ವೈರ್‌ಮನ್ ನಡೆಯುವುದು ಕಾಲಬಾದೇವಿ ಕಡೆಯ ಲೋಹಾರ್ ಚಾಳಿಗೆ. 32 ಆಂಪಿಯರಿಗೆ ಎಷ್ಟು ದಪ್ಪ ಬೇಕು ಎಂದರೆ ಅಂಗಡಿಯವನು ಕಣ್ಣು ಮುಚ್ಚಿ "6 ಎಂಎಂ" ಅನ್ನುತ್ತಾನೆ. 6 ಚದರ ಮಿಲಿಮೀಟರ್ ತಾಮ್ರ ಪೈಪಿನೊಳಗೆ ಸುಮಾರು 40 ಆಂಪಿಯರ್ ಹೊರುತ್ತದೆ ಎಂಬುದು 30 ಡಿಗ್ರಿಯ ಲೆಕ್ಕ. ಗಾಳಿಯಾಡದ ಮೀಟರ್ ರೂಮಿನಲ್ಲಿ 40 ಡಿಗ್ರಿ ಸೆಖೆ, ಅದೇ ಪೈಪಿನಲ್ಲಿ ತುಂಬಿದ ಲೋಡಿನ ಇನ್ನೊಂದು ಲೈನು ಇದ್ದರೆ ಅದು 30ಕ್ಕಿಂತ ಕೆಳಗಿಳಿಯುತ್ತದೆ. ದೂರದ ಲೆಕ್ಕ ಬೇರೆ. ಮೀಟರಿನಿಂದ ಕಾರಿಗೆ 60 ಮೀಟರ್ ಇದ್ದರೆ ಹೋಗಿ ಬರುವ ತಂತಿ 120 ಮೀಟರ್. 6 ಎಂಎಂನಲ್ಲಿ 32 ಆಂಪಿಯರ್ ಹರಿದಾಗ ದಾರಿಯಲ್ಲೇ ಹನ್ನೆರಡು ವೋಲ್ಟು ಬಿದ್ದುಹೋಗುತ್ತದೆ, 10 ಎಂಎಂ ಹಾಕಿದರೆ ಏಳು ವೋಲ್ಟು. ಬಿದ್ದುಹೋದ ವೋಲ್ಟು ಗೋಡೆಯೊಳಗೆ ಬಿಸಿಯಾಗಿ ಕೂರುತ್ತದೆ, ಅದಕ್ಕೂ ನಾವೇ ದುಡ್ಡು ಕೊಟ್ಟಿರುತ್ತೇವೆ. ಅದಕ್ಕೇ ದೂರವಿದ್ದಲ್ಲಿ ಬಲ್ಲವರು ಕೇಳುವುದು 10 ಎಂಎಂ. ಕಾಂಪೌಂಡಿನಲ್ಲಿ ಇಲಿ ಹೆಗ್ಗಣ ಧಾರಾಳವಾಗಿರುವುದರಿಂದ ಉಕ್ಕಿನ ಹೊದಿಕೆಯ ಆರ್ಮರ್ಡ್ ಕೇಬಲ್.

ಗೀಸರು ಹತ್ತು ನಿಮಿಷ ಓಡಿ ನಿಲ್ಲುತ್ತದೆ. ಎಸಿಯ ಕಂಪ್ರೆಸರ್ ಹತ್ತಿ ಆರುತ್ತದೆ. ಮನೆಯ ವೈರಿಂಗಿಗೆ ಉಸಿರು ಬಿಡದೆ ನಾಲ್ಕಾರು ಗಂಟೆ ಒಂದೇ ಸಮ ದುಡಿದು ಅಭ್ಯಾಸವಿಲ್ಲ. ಕಾರು ಅದನ್ನು ದುಡಿಸುತ್ತದೆ, ದುಡಿಸುವಾಗ ಯಾವ ಸ್ಕ್ರೂ ಸಡಿಲವಿದೆಯೋ ಅದನ್ನು ಹುಡುಕಿ ತೆಗೆಯುತ್ತದೆ. ಟರ್ಮಿನಲ್ಲಿನಲ್ಲಿ ಒಂದು ಓಮಿನ ಇಪ್ಪತ್ತರಲ್ಲೊಂದು ಭಾಗ ರೆಸಿಸ್ಟೆನ್ಸ್ ಉಳಿದಿದೆ ಎಂದಿಟ್ಟುಕೊಳ್ಳಿ. 13 ಆಂಪಿಯರಿನ ಗೀಸರಿಗೆ ಅಲ್ಲಿ ಹುಟ್ಟುವ ಬಿಸಿ ಎಂಟು ವ್ಯಾಟ್ ಚಿಲ್ಲರೆ. 32 ಆಂಪಿಯರಿಗೆ ಐವತ್ತೊಂದು ವ್ಯಾಟ್, ಏಕೆಂದರೆ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಲ್ಯಾಮಿಂಗ್ಟನ್ ರೋಡಿನ ರಿಪೇರಿ ಟೇಬಲ್ಲಿನ ಬೆಸುಗೆ ಕಡ್ಡಿ 25 ವ್ಯಾಟಿನದು. ಅಂಥ ಎರಡನ್ನು ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ರಾತ್ರಿಯಿಡೀ ಹತ್ತಿಸಿ ಮಲಗಿದ ಹಾಗೆ. ಸುಟ್ಟು ಕಪ್ಪಾದ ಸಾಕೆಟ್ಟುಗಳ ಹಿಂದಿನ ಕಾರಣ ಹೆಚ್ಚಾಗಿ ಇಷ್ಟೇ.

ಹಾಗಾಗಿ ಒಳ್ಳೆಯ ಕೈಕೆಲಸ ಕಾಣಬೇಕಾದರೆ ತಂತಿಯ ತುದಿಯನ್ನು ನೋಡಬೇಕು. ಇನ್ಸುಲೇಶನ್ ಸುಲಿಯುವಾಗ ಒಂದು ಎಳೆಯೂ ಕಡಿಯಬಾರದು. ಸಣ್ಣ ಎಳೆಗಳ ವೈರನ್ನು ಹಾಗೇ ತಿರುಚಿ ತುರುಕದೆ ಥಿಂಬಲ್ ಎಂಬ ಲೋಹದ ಟೊಪ್ಪಿಗೆ ಹಾಕಿ, ಸರಿಯಾದ ಅಳತೆಯ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ, ಎಳೆದು ನೋಡಿ, ಆಮೇಲೆ ಟರ್ಮಿನಲ್ಲಿಗೆ. ಮಾಮೂಲಿ ಇಕ್ಕಳದಲ್ಲಿ ಒತ್ತಿದ ಥಿಂಬಲ್ಲಿಗೂ ಕ್ರಿಂಪಿಂಗ್ ಆದ ಥಿಂಬಲ್ಲಿಗೂ ವ್ಯತ್ಯಾಸ ತಿಳಿಯುವುದು ಆರು ತಿಂಗಳ ನಂತರ. ಸ್ಕ್ರೂವನ್ನು ಎಷ್ಟು ಬಿಗಿಯಬೇಕೆಂದು ಕಂಪನಿ ನ್ಯೂಟನ್ ಮೀಟರಿನಲ್ಲಿ ಬರೆದಿರುತ್ತದೆ, ಟಾರ್ಕ್ ಸ್ಕ್ರೂಡ್ರೈವರ್ ಇಟ್ಟುಕೊಂಡವರು ಅಪರೂಪ. ಚಿಕ್ಕ 3.3 ಕಿಲೋವ್ಯಾಟಿಗೆ ಹೋದರೂ ಗೋಡೆಯ ಮಾಮೂಲಿ 16 ಆಂಪಿಯರ್ ಪ್ಲಗ್ಗಿಗಿಂತ ಲೋಹದ ಪೆಟ್ಟಿಗೆಯ ಇಂಡಸ್ಟ್ರಿಯಲ್ ಸಾಕೆಟ್ಟು ಲೇಸು. ಅದರ ಪಿನ್ನುಗಳ ಹಿಡಿತ ಗಂಟೆಗಟ್ಟಲೆಯ ಲೋಡಿಗೆಂದೇ ಮಾಡಿದ್ದು.

ಗ್ರಾಂಟ್ ರೋಡಿನಲ್ಲಿ ಎಲ್ಲಕ್ಕಿಂತ ತಲೆನೋವಿನ ಕೆಲಸ ಅರ್ಥಿಂಗ್. ಹಳೆಯ ಕಟ್ಟಡಗಳಲ್ಲಿ ಅರ್ಥಿಂಗ್ ತಂತಿಯನ್ನು ನೀರಿನ ಕಬ್ಬಿಣದ (ಜಿಐ) ಪೈಪಿಗೆ ಸುತ್ತಿ ಕೈತೊಳೆದುಕೊಳ್ಳುವ ರೂಢಿಯಿತ್ತು. ಪೈಪು ನೆಲದೊಳಗೆ ಹೋಗುತ್ತಿದ್ದುದರಿಂದ ಅದು ನಡೆಯುತ್ತಲೂ ಇತ್ತು. ಮುಂದೆ ಯಾವಾಗಲೋ ಪ್ಲಂಬರ್ ಬಂದು ಜಿಐ ತೆಗೆದು ಪ್ಲಾಸ್ಟಿಕ್ ಪೈಪು ಹಾಕಿದ. ತಂತಿ ಇದ್ದಲ್ಲೇ ಇದೆ, ಅರ್ಥಿಂಗ್ ಇಲ್ಲ. ಫ್ರಿಜ್ಜು, ಮಿಕ್ಸಿ ಇದನ್ನು ಕೇಳುವುದಿಲ್ಲ, ಹಾಗೇ ಓಡುತ್ತವೆ. ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಕೇಳುತ್ತದೆ. ಅರ್ಥಿಂಗ್ ಸಿಗದಿದ್ದರೆ ಕೆಂಪು ದೀಪ ಹಚ್ಚಿ ಸತ್ಯಾಗ್ರಹಕ್ಕೆ ಕೂರುತ್ತದೆ. ಹೊಸ ಕಾರಿನವರು ಕಾರೇ ಕೆಟ್ಟಿತೆಂದು ಹೌಹಾರುವುದು ಆಗಲೇ.

ಈ ಹಂತದಲ್ಲಿ ಕೆಲವರು ಮಾಡುವ ಜುಗಾಡನ್ನು ಹೇಳಿಬಿಡಬೇಕು. ಸಾಕೆಟ್ಟಿನೊಳಗೆ ನ್ಯೂಟ್ರಲಿಗೂ ಅರ್ಥಿಗೂ ಒಂದು ಗೇಣು ತಂತಿ ಸೇರಿಸಿದರೆ ಚಾರ್ಜರಿಗೆ ಅರ್ಥಿಂಗ್ ಸಿಕ್ಕಿದಂತೆ ಭಾಸವಾಗಿ ಹಸಿರು ದೀಪ ಹತ್ತುತ್ತದೆ. ಮಾಲೀಕರು ಖುಷಿಯಾಗಿ ದುಡ್ಡು ಕೊಡುತ್ತಾರೆ. ಆಮೇಲೊಂದು ದಿನ ಹಿಂದೆಲ್ಲೋ ನ್ಯೂಟ್ರಲ್ ಕಳಚಿಕೊಂಡರೆ ಕಾರಿನ ಇಡೀ ಮೈಗೆ 230 ವೋಲ್ಟು ಬಂದು ಕೂರುತ್ತದೆ. ಬಾಗಿಲ ಹಿಡಿ ಮುಟ್ಟುವವರು ಒದ್ದೆ ನೆಲದ ಮೇಲೆ ನಿಂತಿರುತ್ತಾರೆ. ಇದನ್ನು ಮಾಡುವವನನ್ನು ಜಾಣ ಎನ್ನುವುದು ನನ್ನಿಂದಾಗದು.

ಸರಿಯಾದ ದಾರಿ ಮಣ್ಣಿಗೆ ಇಳಿಯುವುದು. ಮಣ್ಣಾದರೂ ಎಲ್ಲಿದೆ? ಅಂಗಳಕ್ಕೆಲ್ಲ ಕಾಂಕ್ರೀಟು, ಪೇವರ್ ಬ್ಲಾಕು. ಎರಡು ಕಟ್ಟಡಗಳ ನಡುವಿನ ಹೌಸ್ ಗಲ್ಲಿಯಲ್ಲೋ ತುಳಸಿಕಟ್ಟೆಯ ಮಗ್ಗುಲಲ್ಲೋ ಒಂದಡಿ ಜಾಗ ಹುಡುಕಿ, ನೆಲದಡಿಯ ಬೆಸ್ಟ್ ಕೇಬಲ್, ನೀರು, ಗ್ಯಾಸಿನ ಪೈಪುಗಳಿಗೆ ತಾಗದಂತೆ ಎಲೆಕ್ಟ್ರೋಡ್ ಇಳಿಸಬೇಕು. ಇದ್ದಿಲು ಉಪ್ಪಿನ ಹಳೆಯ ಕ್ರಮವೂ ಇದೆ, ಬೆಂಟೊನೈಟ್ ತುಂಬುವ ಹೊಸ ಕ್ರಮವೂ ಇದೆ. ಸಮುದ್ರ ಹತ್ತಿರವಿರುವ ಊರಿನಲ್ಲಿ ನೆಲ ಒದ್ದೆಯಾಗಿರುವುದು ಒಳ್ಳೆಯದೇ, ಉಪ್ಪುಗಾಳಿ ಕ್ಲ್ಯಾಂಪುಗಳನ್ನು ತಿನ್ನುವುದು ಕೆಟ್ಟದ್ದು. ಎಲ್ಲ ಆದ ಮೇಲೆ ಅರ್ಥ್ ಟೆಸ್ಟರಿನಲ್ಲಿ ಓಮ್ ನೋಡಿ, ಲೋಡು ಹಾಕಿ, ನ್ಯೂಟ್ರಲಿಗೂ ಅರ್ಥಿಗೂ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ಕಾಣದಿದ್ದರೆ ವೈರ್‌ಮನ್ ಮುಖ ಅರಳುತ್ತದೆ.

ಸೋರಿಕೆಯ ಕಾವಲಿಗೆ ಆರ್‌ಸಿಸಿಬಿ. ಹೋದ ಕರೆಂಟು, ಮರಳಿದ ಕರೆಂಟು ಎರಡನ್ನೂ ಒಂದೇ ಉಂಗುರದೊಳಗೆ ಹಾಯಿಸಿ ತಾಳೆ ನೋಡುವ ಸಾಧನ ಅದು. 30 ಮಿಲಿ ಆಂಪಿಯರ್ ಮುಟ್ಟುವಷ್ಟರೊಳಗೆ, ಯಾರದೋ ಮೈಯ ಮೂಲಕ ನೆಲಕ್ಕೆ ಹೋಗುತ್ತಿದೆಯೆಂದು ತಿಳಿದು ಕಡಿದುಹಾಕುತ್ತದೆ. ಮನೆಯಲ್ಲಿ ಈಗಾಗಲೇ ಇರುವುದು ಸಾಕಾಗದೇ? ಸಾಕಾಗದು. ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿರುವ ಎಸಿ ಟೈಪಿನದು ಏರಿಳಿಯುವ ಕರೆಂಟಿನ ಸೋರಿಕೆಯನ್ನಷ್ಟೇ ಬಲ್ಲದು. ಕಾರಿನೊಳಗೆ ಡಿಸಿ ಇರುವುದರಿಂದ ಸೋರಿಕೆಯೂ ಡಿಸಿಯಾಗಿರಬಹುದು. ಅದು ಉಂಗುರವನ್ನು ಒಂದೇ ದಿಕ್ಕಿಗೆ ಕಾಂತೀಕರಿಸಿ ಮಂಕಾಗಿಸಿದರೆ, ನಿಜವಾದ ಶಾಕ್ ಬಂದಾಗಲೂ ಆ ಸಾಧನ ಕದಲುವುದಿಲ್ಲ. ಅದಕ್ಕೆ ಎ ಟೈಪಿನ ಆರ್‌ಸಿಸಿಬಿ, ಜೊತೆಗೆ 6 ಮಿಲಿ ಆಂಪಿಯರ್ ಡಿಸಿ ಸೋರಿದರೂ ಹಿಡಿಯುವ ವ್ಯವಸ್ಥೆ, ಇಲ್ಲವೇ ದುಬಾರಿಯ ಬಿ ಟೈಪ್. ಒಳ್ಳೆಯ ವಾಲ್ ಬಾಕ್ಸುಗಳಲ್ಲಿ ಈ ಡಿಸಿ ಕಾವಲು ಒಳಗೇ ಇರುತ್ತದೆ. ಇದೆಯೋ ಇಲ್ಲವೋ ಎಂದು ಕಾಗದ ಓದಿ ನೋಡುವವನು ಬಲ್ಲವನು.

ಇನ್ನು ನನಗೆ ಬಹಳ ಇಷ್ಟವಾದ ಭಾಗ, ಡಬ್ಬಿಗೂ ಕಾರಿಗೂ ನಡೆಯುವ ಮಾತುಕತೆ. ಜರ್ಮನಿಯ ಮೆನ್ನೆಕೆಸ್ ಕಂಪನಿ ರೂಪಿಸಿದ, ಕಾರಿಗೆ ಸಿಕ್ಕಿಸುವ ಟೈಪ್ 2 ಗನ್ನಿನಲ್ಲಿ ಏಳು ಪಿನ್ನುಗಳು. ಐದು ಕರೆಂಟಿಗೆ ಮತ್ತು ಅರ್ಥಿಗೆ, ಎರಡು ಪುಟ್ಟವು ಮಾತಿಗೆ. ಗನ್ ಕಾರಿಗೆ ತಾಗದೆ ಇರುವಾಗ ಮಾತಿನ ಒಂದು ಪಿನ್ನಿನಲ್ಲಿ 12 ವೋಲ್ಟು ಸುಮ್ಮನೆ ನಿಂತಿರುತ್ತದೆ. ಸಿಕ್ಕಿಸಿದ ಕೂಡಲೇ ಕಾರಿನೊಳಗಿನ ಒಂದು ರೆಸಿಸ್ಟರು ಅದನ್ನು 9 ವೋಲ್ಟಿಗೆ ಎಳೆಯುತ್ತದೆ. ಯಾರೋ ಬಂದರು ಎಂದು ಡಬ್ಬಿಗೆ ತಿಳಿಯುತ್ತದೆ. ಆಗ ಅದು ಸೆಕೆಂಡಿಗೆ ಸಾವಿರ ಬಾರಿ 12ಕ್ಕೂ ಮೈನಸ್ 12ಕ್ಕೂ ನಡುವೆ ಜೀಕುವ ಸಂಕೇತ ಕಳಿಸಲು ತೊಡಗುತ್ತದೆ. ಆ ಅಲೆಯ ಎಷ್ಟು ಪಾಲು ಮೇಲಿರುತ್ತದೆ ಎಂಬುದರಲ್ಲೇ ಸುದ್ದಿ ಇದೆ. ಶೇಕಡಾವಾರನ್ನು 0.6ರಿಂದ ಗುಣಿಸಿದರೆ ಆಂಪಿಯರ್. ಶೇ. 10 ಎಂದರೆ 6 ಆಂಪಿಯರ್, ಶೇ. 53 ಎಂದರೆ 32. "ನಮ್ಮ ಮನೆಯಲ್ಲಿ ಇಷ್ಟೇ ಇದೆ, ಇದಕ್ಕಿಂತ ಹೆಚ್ಚು ಎಳೆಯಬೇಡ" ಎಂದು ಡಬ್ಬಿ ಮೊದಲೇ ಹೇಳಿಬಿಡುತ್ತದೆ. ಕಾರು ಒಪ್ಪಿದರೆ ಇನ್ನೊಂದು ರೆಸಿಸ್ಟರನ್ನು ಸೇರಿಸಿ 6 ವೋಲ್ಟಿಗೆ ಇಳಿಸುತ್ತದೆ. ಆಗ ಟಕ್ ಎಂದು ಕಾಂಟ್ಯಾಕ್ಟರ್ ಕೂಡಿ 230 ವೋಲ್ಟು ಹರಿಯುತ್ತದೆ. ಅಲ್ಲಿಯವರೆಗೆ ಗನ್ನಿನ ದಪ್ಪ ಪಿನ್ನುಗಳಲ್ಲಿ ಏನೂ ಇರುವುದಿಲ್ಲ.

ಮಳೆನೀರು ತಾಗಿಯೋ ಮಗು ಬೆರಳಿಟ್ಟೋ 9 ವೋಲ್ಟಿಗೆ ಇಳಿದರೆ? ಅದನ್ನೂ ಯೋಚಿಸಿದ್ದಾರೆ. ಕಾರಿನೊಳಗೆ ರೆಸಿಸ್ಟರಿನ ಜೊತೆ ಒಂದು ಡಯೋಡ್ ಇದೆ. ಹಾಗಾಗಿ ನಿಜವಾದ ಕಾರು ಸಿಕ್ಕಾಗ ಅಲೆಯ ಮೇಲಿನ ಅರ್ಧ ಮಾತ್ರ ತಗ್ಗುತ್ತದೆ, ಕೆಳಗಿನ ಅರ್ಧ ಮೈನಸ್ 12ರಲ್ಲೇ ನಿಲ್ಲುತ್ತದೆ. ನೀರಾಗಲಿ ಬೆರಳಾಗಲಿ ಎರಡನ್ನೂ ಒಂದೇ ಸಮ ತಗ್ಗಿಸುತ್ತವೆ, ಡಬ್ಬಿ ನಂಬುವುದಿಲ್ಲ. ಪಿನ್ನುಗಳ ಉದ್ದದಲ್ಲೂ ಒಂದು ಜಾಣ್ಮೆಯಿದೆ. ಸಿಕ್ಕಿಸುವಾಗ ಅರ್ಥ್ ಪಿನ್ನು ಎಲ್ಲಕ್ಕಿಂತ ಮೊದಲು ತಾಗುತ್ತದೆ, ಮಾತಿನ ಪಿನ್ನು ಕೊನೆಗೆ. ಕಳಚುವಾಗ ಉಲ್ಟಾ. ಆತುರದಲ್ಲಿ ಎಳೆದರೂ ಮಾತು ಮೊದಲು ಕಡಿದು, ಕಾಂಟ್ಯಾಕ್ಟರ್ ಬಿಟ್ಟು, ಆಮೇಲೆ ದಪ್ಪ ಪಿನ್ನುಗಳು ಬೇರೆಯಾಗುತ್ತವೆ. ಇದನ್ನೆಲ್ಲ ಹೊಸ ಡಿಜಿಟಲ್ ಮಂತ್ರವಿಲ್ಲದೆ ಎರಡು ರೆಸಿಸ್ಟರು, ಒಂದು ಡಯೋಡಿನಲ್ಲಿ ಮಾಡಿ ಮುಗಿಸಿದವರಿಗೆ ಕೈಮುಗಿಯಬೇಕೆನಿಸುತ್ತದೆ.

ಈ ಮಾತುಕತೆ ಹಳೆಯ ಕಟ್ಟಡಕ್ಕೂ ಒದಗುತ್ತದೆ. ಮನೆಯ ಮುಖ್ಯ ಲೈನಿಗೆ ಕರೆಂಟು ಅಳೆಯುವ ಒಂದು ಸಿಟಿ ಸುರುಳಿ ತೊಡಿಸಿ ಡಬ್ಬಿಗೆ ಜೋಡಿಸಿದರೆ, ಮೇಲೆ ಯಾರೋ ಗೀಸರ್ ಹಾಕಿದ ಕ್ಷಣ ಡಬ್ಬಿ ತನ್ನ ಅಲೆಯನ್ನು ಕಿರಿದು ಮಾಡಿ ಕಾರಿಗೆ 32ರ ಬದಲು 12 ಆಂಪಿಯರ್ ಸಾಕೆನ್ನುತ್ತದೆ. ಗೀಸರ್ ಆರಿದಾಗ ಮತ್ತೆ ಬಿಡುತ್ತದೆ. ಫ್ಯೂಸು ಹಾರುವುದಿಲ್ಲ. ಎಷ್ಟೋ ಕಡೆ ಲೋಡು ಏರಿಸುವ ಗೋಜೂ ತಪ್ಪುತ್ತದೆ.

ಡಬ್ಬಿಯನ್ನು ಕೂಡಿಸುವ ಎತ್ತರದ ಮಾತು ಉಳಿದಿದೆ. ಜುಲೈಯ ಒಂದು ಜೋರು ಮಳೆಗೆ ನಾನಾ ಚೌಕದ ಸುತ್ತ ಮೊಣಕಾಲು ನೀರು ನಿಲ್ಲುವುದು ಇಲ್ಲಿನವರಿಗೆಲ್ಲ ಗೊತ್ತು. ಚಾರ್ಜಿಂಗ್ ಸ್ಟೇಷನ್ನುಗಳಲ್ಲಿ ಸಾಕೆಟ್ಟು ನೆಲದಿಂದ ಕನಿಷ್ಠ 800 ಮಿಲಿಮೀಟರ್ ಮೇಲಿರಬೇಕು, ಎಕ್ಸ್‌ಟೆನ್ಷನ್ ಕಾರ್ಡು ಬಳಸಕೂಡದು, ಕಾರಿನಲ್ಲಿ ಗನ್ ಸಿಕ್ಕಿಸುವ ಜಾಗ ಚಾರ್ಜಿಂಗ್ ಪಾಯಿಂಟಿನಿಂದ 5 ಮೀಟರ್ ಒಳಗಿರಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2019ರ ತಿದ್ದುಪಡಿ ಹೇಳಿತ್ತು. ಮನೆಯ ಡಬ್ಬಿಗೂ ಅದೇ ಅಳತೆ ಕನಿಷ್ಠವೆಂದು ಹಿಡಿದು, ಹೋದ ವರ್ಷದ ನೀರಿನ ಗುರುತು ಗೋಡೆಯಲ್ಲಿ ಎಲ್ಲಿದೆಯೆಂದು ವಾಚ್‌ಮನ್ ಹತ್ತಿರ ಕೇಳಿ ಅದಕ್ಕೂ ಮೇಲೆ ಕೂಡಿಸುತ್ತಾರೆ. ಕೇಬಲ್ ಯಾವಾಗಲೂ ಕೆಳಗಿನಿಂದ ಡಬ್ಬಿಯೊಳಗೆ ಹೋಗಬೇಕು, ಮೇಲಿನಿಂದ ಇಳಿದರೆ ಮಳೆನೀರೂ ಜೊತೆಗೇ ಇಳಿಯುತ್ತದೆ. ಹೊಸ ಟವರುಗಳ ಯಾಂತ್ರಿಕ ಪಾರ್ಕಿಂಗಿನಲ್ಲಿ, ಕಾರಿನ ಜೊತೆ ತಟ್ಟೆಯೂ ಮೇಲಕ್ಕೂ ಪಕ್ಕಕ್ಕೂ ಸರಿಯುವಲ್ಲಿ, ಗೋಡೆಯೇ ಇಲ್ಲದ ಕಡೆ ಡಬ್ಬಿ ಎಲ್ಲಿ ತೂಗುವುದು ಎಂಬುದು ವೈರ್‌ಮನ್ ಒಬ್ಬನಿಂದ ಬಗೆಹರಿಯುವಂಥದ್ದಲ್ಲ. ಪಾರ್ಕಿಂಗ್ ಯಂತ್ರ ಮಾಡುವ ಹಂತದಲ್ಲೇ ಅದನ್ನು ಸೇರಿಸಬೇಕು.

ಕೆಲಸ ಮುಗಿಯಿತೆಂದಾಗ ಮೆಗ್ಗರ್ ಹೊರಬರುತ್ತದೆ. ಕಾರು ಕಳಚಿ, ಡಬ್ಬಿಯನ್ನೂ ಬೇರ್ಪಡಿಸಿ, 500 ವೋಲ್ಟಿನಲ್ಲಿ ಕೇಬಲಿನ ಇನ್ಸುಲೇಶನ್ ನೋಡುತ್ತಾರೆ. ಆಮೇಲೆ ಕಾರು ಹಚ್ಚಿ, ಒಂದು ಗಂಟೆ ಪೂರ್ತಿ ಲೋಡಿನಲ್ಲಿ ಬಿಟ್ಟು, ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್, ತಾಪಮಾನದ ಗನ್ನಿನಲ್ಲಿ ಪ್ರತಿ ಟರ್ಮಿನಲ್ಲಿನ ಬಿಸಿ. ಒಂದು ಮಾತ್ರ ಪಕ್ಕದ್ದಕ್ಕಿಂತ ಹತ್ತು ಡಿಗ್ರಿ ಹೆಚ್ಚಿದ್ದರೆ ಎಲ್ಲ ಬಂದ್ ಮಾಡಿ ಮತ್ತೆ ಬಿಚ್ಚು, ಮತ್ತೆ ಬಿಗಿ. ಈ ಗಂಟೆಯನ್ನು ಕಾಯದೆ ದುಡ್ಡು ಇಸಿದುಕೊಂಡು ಹೊರಡುವವರೇ ಹೆಚ್ಚು. ಕಾಯುವವನು ಮೀಟರ್ ರೂಮಿನ ಡಿಬಿಯ ಮೇಲೆ ಯಾವ ಸ್ವಿಚ್ಚು ಯಾರ ಕಾರಿನದು ಎಂದು ಮಾರ್ಕರಿನಲ್ಲಿ ಬರೆದು, ಆರ್‌ಸಿಸಿಬಿಯ ಟಿ ಬಟನ್ ತೋರಿಸಿ ಹೇಳಿಕೊಡುತ್ತಾನೆ: "ತಿಂಗಳಿಗೊಂದು ಸಲ ಇದನ್ನು ಒತ್ತಿ ಶೆಟ್ರೇ, ಬೀಳದೇ ಇದ್ರೆ ಫೋನ್ ಮಾಡಿ. ಗಾಡಿ ಹಚ್ಚಿರುವಾಗ ಒತ್ತಬೇಡಿ, ಗನ್ ತೆಗೆದಿಟ್ಟು ಒತ್ತಿ."